ಕಾದು ಕೂತದ್ದಕ್ಕೂ ಓಟಿ

ನಮ್ಮನೆಯವರು ಬಂದರಿನ ಕೆಲಸದಿಂದ ನಿವೃತ್ತರಾಗಿ ಕ್ಯಾತನಹಳ್ಳಿಗೆ ವಾಪಸು ಬಂದ ದಿನ ಅವರ ಜೊತೆ ಒಂದು ತಗಡಿನ ಟ್ರಂಕು, ಒಂದು ಚೀಲ ಒಣಮೀನು ಮತ್ತು ಕುತ್ತಿಗೆಗೆ ನೇತುಹಾಕಿಕೊಂಡ ಹಿತ್ತಾಳೆಯ ಸೀಟಿ ಬಂದವು. ಒಣಮೀನನ್ನು ನಾನು ಅಂದೇ ಬೀದಿಗೆಲ್ಲ ಹಂಚಿ ಕೈತೊಳೆದುಕೊಂಡೆ. ಟ್ರಂಕನ್ನು ಅಟ್ಟಕ್ಕೆ ಹಾಕಿಸಿದೆ. ಸೀಟಿಯನ್ನು ಮಾತ್ರ ಏನೂ ಮಾಡಲಾಗಲಿಲ್ಲ. ಸ್ನಾನಕ್ಕೆ ಹೋಗುವಾಗಲೂ ಅದು ಅವರ ಕತ್ತಿನಲ್ಲೇ ಇರುತ್ತಿತ್ತು. ನಾನು ನನ್ನ ತಾಳಿಯನ್ನೂ ಅಷ್ಟು ಜೋಪಾನ ಮಾಡಿದವಳಲ್ಲ.

ಬಂದರಿನಲ್ಲಿ ಅವರದು ಸನ್ನೆ ಮಾಡುವ ಕೆಲಸ. ಮೇಲೆ ಕ್ರೇನಿನಲ್ಲಿ ಕೂತವನಿಗೆ ಹಡಗಿನ ಹೊಟ್ಟೆಯೊಳಗಿನ ಸರಕು ಕಾಣುವುದಿಲ್ಲ. ಇವರು ಹಡಗಿನ ಅಂಚಿನಲ್ಲಿ ನಿಂತು ಎತ್ತು, ಇಳಿಸು, ನಿಲ್ಲಿಸು ಎಂದು ಕೈಯಲ್ಲೇ ಹೇಳಬೇಕು. ಹೆಬ್ಬೆರಳು ಮೇಲೆ ಮಾಡಿದರೆ ಎತ್ತು. ತೋರುಬೆರಳನ್ನು ಕೆಳಗೆ ಮಾಡಿ ತಿರುಗಿಸಿದರೆ ಇಳಿಸು. ಮುಷ್ಟಿ ಹಿಡಿದರೆ ನಿಲ್ಲಿಸು. ಮೂವತ್ತು ವರ್ಷದ ಮೇಲೆ ಹೀಗೆ ಬಾಯಿಗೆ ಕೆಲಸ ಕೊಡದೆ ದುಡಿದವರು ಮನೆಗೆ ಬಂದ ಮೇಲೂ ಅದನ್ನೇ ಮುಂದುವರಿಸಿದರು. ಮೊದಲ ದಿನ ಊಟಕ್ಕೆ ಕೂತು ಬೆರಳು ತಿರುಗಿಸಿದರು, ನಾನು ಸಾರು ಬಿಟ್ಟೆ. ಆಮೇಲೆ ಮುಷ್ಟಿ ಹಿಡಿದರು. ಅದೇನೆಂದು ತಿಳಿಯದೆ ನಾನು ಬಿಡುತ್ತಲೇ ಹೋದೆ. ಸಾರು ತಟ್ಟೆ ತುಂಬಿ ಪಂಚೆಗೆ ಹರಿಯಿತು. ಅಷ್ಟಾದರೂ ಅವರು ಬಾಯಿ ಬಿಡಲಿಲ್ಲ, ಮುಷ್ಟಿಯನ್ನೇ ಇನ್ನೂ ಎತ್ತರಕ್ಕೆ ಎತ್ತಿದರು.

ಆದರೆ ಒಂದು ವಿಷಯಕ್ಕೆ ಮಾತ್ರ ಅವರಿಗೆ ಬಾಯಿ ಇತ್ತು. ಅದು ಡ್ಯೂಟಿಯ ವಿಷಯ. ಬಂದರಿನವರಿಗೆ ದೇವರ ಮೇಲಿರುವುದಕ್ಕಿಂತ ಹೆಚ್ಚು ಭಕ್ತಿ ಎಂಟು ಗಂಟೆಯ ಮೇಲೆ. ಎಂಟು ಗಂಟೆ ದಾಟಿತೋ, ಅಲ್ಲಿಂದಾಚೆಗೆ ಓಟಿ, ಕೂಲಿ ದುಪ್ಪಟ್ಟು. ಇದಾದರೂ ನಮಗೆ ಅರ್ಥವಾಗುತ್ತಿತ್ತು. ಅರ್ಥವಾಗದೆ ಇದ್ದದ್ದು ಇನ್ನೊಂದು ನಿಯಮ. ಹಡಗು ಬರುತ್ತದೆಂದು ಕೂಲಿಯವರ ಗ್ಯಾಂಗನ್ನು ಕರೆಸಿರುತ್ತಾರೆ. ಹಡಗು ಬರುವುದಿಲ್ಲ. ಗ್ಯಾಂಗಿನವರು ದಡದಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ. ಆ ಕೂತದ್ದಕ್ಕೂ ಹಾಜರಿ, ಆ ಕೂತದ್ದೂ ಎಂಟು ಗಂಟೆ ದಾಟಿದರೆ ಓಟಿ.

ಟೀ ಅಂಗಡಿಯಲ್ಲಿ ಇದನ್ನು ಅವರು ದಿನಾ ವಿವರಿಸುತ್ತಿದ್ದರು. "ಕಾಯಾದೂ ಕೆಲ್ಸಾನೇ ಕಣ್ಲಾ. ಬನ್ನಿ ಅಂತ ಕರ್ದೋನು ಅವ್ನು. ಬರ್ದೇ ಇದ್ದಿದ್ದು ಅವ್ನ ಹಡಗು. ನಾವ್ಯಾಕೆ ಬಿಟ್ಟಿ ಕೂರಾನ?"

ನಾನು ಊರಿನ ಅಂಗನವಾಡಿ ಟೀಚರು. ನನಗೆ ಬರುವುದು ಸಂಬಳವೂ ಅಲ್ಲ, ಕೂಲಿಯೂ ಅಲ್ಲ, ಗೌರವಧನ. ಗೌರವಕ್ಕೆ ಓಟಿ ಇಲ್ಲ. ಜೊತೆಗೆ ಎರಡು ಎಮ್ಮೆ ಇವೆ, ಅವಕ್ಕೆ ಗೌರವವೂ ಇಲ್ಲ. ಹಾಗಾಗಿ ಈ ಮಾತುಗಳು ಕಿವಿಗೆ ಬಿದ್ದಾಗಲೆಲ್ಲ ನನಗೆ ಒಳಗೊಳಗೇ ಉರಿಯುತ್ತಿತ್ತು.

ಬಂದು ಹದಿನೈದು ದಿನವಾಗುವಷ್ಟರಲ್ಲಿ ಅವರಿಗೆ ನೀರು ನೋಡಬೇಕು ಅನಿಸಿತು. ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದೆ. ಹೊಳೆಯ ದಡದಲ್ಲಿ ನಿಂತು ಒಂದಷ್ಟು ಹೊತ್ತು ಕಾವೇರಿಯನ್ನು ನೋಡಿದರು. "ಆಳ ಸಾಲ್ದು," ಅಂದರು, ಏನೋ ಹೆಣ್ಣು ನೋಡಲು ಬಂದವರ ಥರ. ಆಮೇಲೆ ಒಬ್ಬ ಹರಿಗೋಲಿನವನು ಜನರನ್ನು ಕೂರಿಸಿಕೊಂಡು ದಡಕ್ಕೆ ಬರುತ್ತಿದ್ದುದು ಕಂಡಿತು. ಇವರು ತಡೆಯಲಾರದೆ ಎರಡೂ ಕೈ ಎತ್ತಿ ಎಡಕ್ಕೆ, ಬಲಕ್ಕೆ, ಮೆಲ್ಲಗೆ ಎಂದು ಸನ್ನೆ ಮಾಡತೊಡಗಿದರು. ಯಾರೋ ಮುಳುಗುತ್ತಿದ್ದಾರೆಂದುಕೊಂಡು ಆ ಪುಣ್ಯಾತ್ಮ ಹರಿಗೋಲನ್ನು ತಿರುಗಿಸಿ ಮತ್ತೆ ನಡು ಹೊಳೆಗೆ ಹೋಗಿಬಿಟ್ಟ. ಹರಿಗೋಲಿನಲ್ಲಿದ್ದ ಹೆಂಗಸೊಬ್ಬಳು ಅಲ್ಲಿಂದಲೇ ಬೈದದ್ದು ನಮಗೆ ಪೂರ್ತಿ ಕೇಳಿಸಿತು. ಬಸ್ಸಿನಲ್ಲಿ ವಾಪಸು ಬರುವಾಗ ಅವರು ಕಿಟಕಿಯ ಆಚೆ ನೋಡುತ್ತ ಕೂತಿದ್ದರು. ಅವರಿಗೆ ಬಂದರಿನ ನೆನಪಾಗಿದೆ ಎಂದು ಹೇಳಲು ಸನ್ನೆಯೇ ಬೇಕಿರಲಿಲ್ಲ.

ಆ ವಾರವೇ ಬಂದರಿನಿಂದ ಗುತ್ತಿಗೆದಾರನೊಬ್ಬ ಫೋನು ಮಾಡಿದ. ಹೊಸದಾಗಿ ಸೇರಿದವರಿಗೆ ಸನ್ನೆ ಸರಿಯಾಗಿ ಬರುವುದಿಲ್ಲ, ಎರಡು ವರ್ಷ ಬಂದು ಮೇಲ್ವಿಚಾರಣೆ ಮಾಡಿ, ರೂಮು ಕೊಡುತ್ತೇವೆ, ತಿಂಗಳ ಕೊನೆಯೊಳಗೆ ಹೂಂ ಅಥವಾ ಊಹೂಂ ಹೇಳಿ ಅಂದ. ಇವರು ಫೋನಿಟ್ಟು ನನ್ನ ಮುಖ ನೋಡಿದರು.

ಅವರು ಹೋಗುವುದು ನನಗೆ ಬೇಡವಾಗಿತ್ತು. ಇಲ್ಲಿ ಬರೆದಷ್ಟು ಸಲೀಸಾಗಿ ಅದನ್ನು ಅವರ ಮುಖಕ್ಕೆ ಹೇಳಲು ನನ್ನಿಂದ ಆಗಲಿಲ್ಲ. ಹೇಳಿದರೆ ತಲೆ ಮೇಲೆ ಕೂರುತ್ತಾರೆ ಅನ್ನುವುದು ಒಂದು. ಮೂವತ್ತು ವರ್ಷ ಹೇಳದವಳು ಈಗ ಹೇಳಿದರೆ ನನ್ನ ಮರ್ಯಾದೆ ಏನಾಗಬೇಕು ಅನ್ನುವುದು ಇನ್ನೊಂದು.

"ಓಗಿ, ನಂಗೇನು," ಅಂದೆ.

"ಅದೇ ನಾನೂ ಅಂದ್ಕತಿದ್ದೆ. ನಿಂಗೇನು," ಅಂದರು.

ಆಮೇಲೆ ಟ್ರಂಕು ಅಟ್ಟದಿಂದ ಕೆಳಗಿಳಿದು ಹಜಾರದ ಮೂಲೆಗೆ ಬಂತು. ಕಸ ಗುಡಿಸುವಾಗ ನನ್ನ ಕಾಲು ದಿನಾ ಅದಕ್ಕೆ ತಗಲುತ್ತಿತ್ತು, ಕೆಲವು ಸಲ ಬೇಕಂತಲೇ.

ತಿಂಗಳು ಮುಗಿಯುವವರೆಗೆ ಸುಮ್ಮನೆ ಕೂರುವುದು ಅವರ ಜಾಯಮಾನವಲ್ಲ. ಮನೆಗೆ ಡ್ಯೂಟಿ ಚಾರ್ಟು ಹಾಕಿದರು. ಹಳೇ ಕ್ಯಾಲೆಂಡರಿನ ಹಿಂಬದಿಗೆ ಸ್ಕೆಚ್ ಪೆನ್ನಿನಲ್ಲಿ ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದರು. ಪಾಪ, ಇದನ್ನು ನನ್ನ ಒಳ್ಳೆಯದಕ್ಕೇ ಮಾಡಿದ್ದು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಭಾನುವಾರ ನಾನು ಐದಕ್ಕೆ ಎದ್ದು ಎಮ್ಮೆಯ ಕೆಲಸ ಹಿಡಿದಿದ್ದೆ. ಅವರ ಲೆಕ್ಕದಲ್ಲಿ ಮಧ್ಯಾಹ್ನ ಒಂದಕ್ಕೆ ನನ್ನ ಎಂಟು ಗಂಟೆ ಮುಗಿಯಿತು. ಕುದಿದ ಹಿಟ್ಟಿನ ಪಾತ್ರೆಯನ್ನು ಒಲೆಯಿಂದ ಇಳಿಸಿ, ಕಾಲಲ್ಲಿ ಅದುಮಿ ಹಿಡಿದು ಮುದ್ದೆಕೋಲು ತಿರುವುತ್ತಿದ್ದೇನೆ, ಕಿವಿಯ ಪಕ್ಕದಲ್ಲೇ ಸೀಟಿ ಕಿರುಚಿತು.

"ಡ್ಯೂಟಿ ಮುಗೀತು. ಕೋಲು ಬುಡು," ಅಂದರು.

"ಮುದ್ದೆ ಗಂಟಾಯ್ತದೆ!"

"ಮಿಕ್ಕಿದ್ದು ಸೆಕೆಂಡ್ ಶಿಫ್ಟ್‌ನೋರು ನೋಡ್ಕತಾರೆ."

"ಯಾರು ಸೆಕೆಂಡ್ ಶಿಫ್ಟು?"

ಅವರು ಅಡುಗೆಮನೆಯ ಸುತ್ತ ಕಣ್ಣಾಡಿಸಿದರು. ಬೆಕ್ಕೊಂದು ಕೂತಿತ್ತು. "ಜನ ಇಲ್ಲಾಂದ್ರೆ ನಿಂಗೆ ಓಟಿ," ಅಂದರು.

"ಯಾರು ಕೊಡಾರು?"

ಅದಕ್ಕೆ ಮುಷ್ಟಿ ಹಿಡಿದು ತೋರಿಸಿದರು. ಮುದ್ದೆ ಗಂಟಾಯಿತು, ಅದನ್ನೇ ಅವರ ತಟ್ಟೆಗೆ ಹಾಕಿದೆ.

ಎಮ್ಮೆಗಳೂ ಚಾರ್ಟಿಗೆ ಒಪ್ಪಲಿಲ್ಲ. ಸೀಟಿಗೆ ಬೆದರಿ ಎರಡು ದಿನ ಹಾಲನ್ನೇ ಇಳಿಸಲಿಲ್ಲ. ಡೇರಿಯಲ್ಲಿ ನನ್ನ ಕ್ಯಾನು ನೋಡಿ ಎಲ್ಲರೂ ಎಮ್ಮೆಗೆ ದೃಷ್ಟಿಯಾಗಿದೆ ಎಂದರು. ದೃಷ್ಟಿಯಲ್ಲ, ಸೀಟಿ ಎಂದು ಹೇಳಲು ನನಗೆ ನಾಚಿಕೆಯಾಯಿತು.

ಇದೆಲ್ಲ ಮನೆಯೊಳಗಿನ ಮಾತು. ಮರ್ಯಾದೆ ಬೀದಿಗೆ ಬಂದದ್ದು ಬಸ್ಸಿನ ದಿನ. ಪಾಂಡವಪುರದ ಬಸ್ಸು ನಮ್ಮ ಮನೆಯ ಎದುರಿನ ಟೀ ಅಂಗಡಿಯ ಬಳಿ ಐದು ನಿಮಿಷ ನಿಲ್ಲುತ್ತದೆ. ಡ್ರೈವರು ಸೀಟಿನಲ್ಲೇ ಕೂತಿರುತ್ತಾನೆ, ಕಂಡಕ್ಟರು ಇಳಿದು ಟೀ ಕುಡಿಯುತ್ತಾನೆ. ಅವನು ಗ್ಲಾಸಿಗೆ ತುಟಿ ಹಚ್ಚುವುದಕ್ಕೂ ನಮ್ಮನೆಯವರು ಜಗಲಿಯ ಮೇಲೆ ನಿಂತು ಮಧ್ಯಾಹ್ನದ ವಿರಾಮಕ್ಕೆ ಎರಡು ಉದ್ದ ಸೀಟಿ ಊದುವುದಕ್ಕೂ ಸರಿಹೋಯಿತು. ಬಸ್ಸಿನವರ ನಿಯಮದಲ್ಲಿ ಎರಡು ಸೀಟಿ ಎಂದರೆ ಹೊರಡು. ಡ್ರೈವರು ಗೇರು ಹಾಕಿ ಹೊರಟೇಬಿಟ್ಟ. ಕಂಡಕ್ಟರು ಗ್ಲಾಸು ಹಿಡಿದುಕೊಂಡೇ "ಓಲ್ಡಾನ್, ಓಲ್ಡಾನ್" ಎಂದು ಕೂಗುತ್ತ ಓಡಿದ. ಓಡುತ್ತ ಟೀ ಚೆಲ್ಲಬಾರದೆಂದು ನಡುವೆ ಒಂದು ಗುಟುಕು ಕುಡಿದದ್ದನ್ನೂ ನಾನು ನೋಡಿದೆ. ಕೊನೆಗೆ ಟೀ ಅಂಗಡಿಯವನ ಮೊಪೆಡ್ಡಿನ ಹಿಂದೆ ಕೂತು ಕೆರೆ ಏರಿಯ ಮೇಲೆ ತನ್ನ ಬಸ್ಸನ್ನು ತಾನೇ ಹಿಡಿದನಂತೆ.

ಸಾಯಂಕಾಲದ ಟ್ರಿಪ್ಪಿನಲ್ಲಿ ಅವನು ನೇರ ನಮ್ಮ ಜಗಲಿಗೆ ಬಂದ. "ಯಾವ್ನಯ್ಯಾ ನನ್ ಬಸ್ಸಿಗೆ ರೈಟ್ ಕೊಟ್ಟೋನು?"

ನಾನು ಒಳಗೆ ಬಾಗಿಲ ಸಂದಿಯಲ್ಲಿ ನಿಂತು ದೇವರನ್ನು ನೆನೆದೆ. ನಮ್ಮನೆಯವರು ಸ್ವಲ್ಪವೂ ಅಲುಗದೆ ಕೇಳಿದರು: "ಕೂತ್ಕಳಿ. ನಿಮ್ದು ದಿನಕ್ಕೆ ಎಷ್ಟು ಗಂಟೆ ಡ್ಯೂಟಿ? ಟೀ ಕುಡ್ಯಾ ಹೊತ್ತು ಅದ್ರೊಳಿಕೆ ಸೇರ್ತದಾ, ಇಲ್ವಾ?"

ಕಂಡಕ್ಟರು ಟಿಕೆಟ್ಟಿನ ಚೀಲವನ್ನು ಹೆಗಲಿನಿಂದ ಇಳಿಸಿದ. ಅವನ ಜನ್ಮದಲ್ಲಿ ಯಾರೂ ಅದನ್ನು ಕೇಳಿರಲಿಲ್ಲವಂತೆ. ಜಗಲಿಯ ಮೇಲೆ ಕೂತ. ಬಸ್ಸು ಆವತ್ತು ಮುಕ್ಕಾಲು ಗಂಟೆ ತಡ. ಹೊರಡುವಾಗ ಒಂದೇ ಒಂದು ಷರತ್ತು ಹಾಕಿ ಕೈಮುಗಿದ: ಬಸ್ಸು ಕಣ್ಣಿಗೆ ಬೀಳುವಷ್ಟು ದೂರದಲ್ಲಿದ್ದಾಗ ಸೀಟಿ ಮುಟ್ಟಕೂಡದು.

ಈ ಸುದ್ದಿ ಊರೆಲ್ಲ ಹರಡಿ, ನನ್ನ ತಮ್ಮನ ಟ್ರಾಕ್ಟರಿನ ಡ್ರೈವರಿಗೂ ತಲುಪಿತು. ನನ್ನ ತಮ್ಮ ಇದೇ ಊರಿಗೆ ಮನೆ ಅಳಿಯನಾಗಿ ಬಂದವನು, ಹತ್ತಾರು ಜನರ ಗದ್ದೆಯ ಕಬ್ಬನ್ನು ಕೆ.ಆರ್.ಪೇಟೆ ರಸ್ತೆಯ ಆಲೆಮನೆಯೊಂದಕ್ಕೆ ಸಾಗಿಸುತ್ತಾನೆ. ಡ್ರೈವರು ಪಾಂಡವಪುರದ ಸಾಬರು, ನಾವೆಲ್ಲ ಭಾಯ್ ಎಂದೇ ಕರೆಯುವುದು. ಅವರಿಗೆ ಟ್ರಿಪ್ಪಿಗೆ ಇಷ್ಟು ಎಂದು ಕೂಲಿ. ಆಲೆಮನೆಯಲ್ಲಿ ಹಿಂದಿನ ಕಬ್ಬು ಅರೆದು ಮುಗಿಯುವವರೆಗೆ ಗಾಡಿ ಸಾಲಿನಲ್ಲಿ ನಿಲ್ಲಬೇಕು, ಅರ್ಧ ದಿನವಾದರೂ ಆಯಿತು. ಆ ನಿಂತದ್ದಕ್ಕೆ ಮೂರು ಕಾಸಿಲ್ಲ.

ಭಾಯ್ ನಮ್ಮ ಜಗಲಿಗೆ ಬಂದು ದೂರು ಕೊಟ್ಟರು. "ಅಣ್ಣ, ಕೂತು ಕೂತು ಬೇಜಾರಿಗೆ ಕಬ್ಬಿನ ಹಾಲು ಕುಡೀತೀನಿ. ದಿನಾ ಮೂರು ಚೊಂಬು. ನಾಳೆ ನಂಗೆ ಶುಗರ್ ಬಂದ್ರೆ ಜಿಮ್ಮೇದಾರಿ ಯಾರ್ದು? ಇನ್ಸಾಫ್ ಬೇಕು, ನ್ಯಾಯ ಬೇಕು."

ಇವರ ಮುಖ ನೋಡಬೇಕಿತ್ತು. ಬಂದರಿನಿಂದ ಬಂದ ಮೇಲೆ ಅಷ್ಟು ಬೆಳಕು ಅದರಲ್ಲಿ ನಾನು ಕಂಡಿರಲಿಲ್ಲ. ಕಬ್ಬು ಹೇರುವ ಗ್ಯಾಂಗಿನ ಮೇಸ್ತ್ರಿಯನ್ನೂ ಕರೆಸಿದರು. ನನ್ನ ತಮ್ಮನನ್ನು ಕೂರಿಸಿಕೊಂಡು ಎರಡು ಗಂಟೆ ಕಾಲ ಹಡಗು, ಗ್ಯಾಂಗು, ದಡ ಎಂದು ಹೇಳಿ ಅವನನ್ನು ಸುಸ್ತು ಮಾಡಿದರು. ತಪ್ಪಿಸಿಕೊಂಡು ಹೋದರೆ ಸಾಕೆಂದು ಅವನು ಒಪ್ಪಿದ. ಒಂದು ವಾರ ನೋಡೋಣ. ಬೆಳಿಗ್ಗೆ ಎಂಟರಿಂದ ಡ್ಯೂಟಿ, ಕಾಯುವುದೂ ಡ್ಯೂಟಿ, ಎಂಟು ಗಂಟೆ ದಾಟಿದರೆ ಓಟಿ.

ಮೊದಲೆರಡು ದಿನ ಚೆನ್ನಾಗಿಯೇ ನಡೆಯಿತು. ಮೂರನೆಯ ದಿನ ಎಲ್ಲರಿಗೂ ಒಂದು ವಿಷಯ ಹೊಳೆಯಿತು. ಕಬ್ಬು ಹೊರುವುದಕ್ಕಿಂತ ಕಾಯುವುದು ಹಗುರ, ಕೂಲಿ ಒಂದೇ.

ಗ್ಯಾಂಗಿನವರು ಎಂಟಕ್ಕೆ ಸರಿಯಾಗಿ ಬಂದು ಗದ್ದೆ ಬದಿಯ ಹೊಂಗೆ ಮರದಡಿ ಕೂತರು. ಖಾಲಿ ಗಾಡಿ ಬರಲಿ ಎಂದು ಕಾಯತೊಡಗಿದರು. ನೆಲದ ಮೇಲೆ ಚೌಕಾಬಾರದ ಮನೆ ಬರೆದರು. ಖಾಲಿ ಗಾಡಿ ಎಲ್ಲಿತ್ತು? ಖಾಲಿಯಾಗದೆ ಆಲೆಮನೆಯ ಸಾಲಿನಲ್ಲಿತ್ತು. ಅಲ್ಲಿ ಭಾಯ್ ತಮ್ಮ ಹಿಂದೆ ಬಂದ ಗಾಡಿಯವನಿಗೆ ಕೈ ತೋರಿಸಿ, "ನೀವು ಓಗಿ ಭಾಯಿ, ಪೆಹಲೇ ಆಪ್," ಎಂದು ದಾರಿ ಬಿಡುತ್ತಿದ್ದರು. ಅವನಿಗೂ ಯಾರೋ ಬಂದರಿನ ನಿಯಮ ಹೇಳಿದ್ದರು. ಅವನು ತನ್ನ ಹಿಂದಿನವನಿಗೆ ದಾರಿ ಬಿಟ್ಟ. ನಿನ್ನೆಯವರೆಗೆ ಮುಂದೆ ಹೋಗಲು ಕೊರಳಪಟ್ಟಿ ಹಿಡಿಯುತ್ತಿದ್ದ ಡ್ರೈವರುಗಳು ಇವತ್ತು ಮದುವೆಮನೆ ಬೀಗರ ಹಾಗೆ ಒಬ್ಬರಿಗೊಬ್ಬರು ಉಪಚಾರ ಮಾಡುತ್ತ ನಿಂತಿದ್ದನ್ನು ನೋಡಿ ಆಲೆಮನೆಯವನಿಗೆ ತಲೆ ಕೆಟ್ಟಿತಂತೆ. ಅವನ ಕೊಪ್ಪರಿಗೆಯ ಕೆಳಗೆ ಒಲೆ ಉರಿಯುತ್ತಿದೆ, ಮೇಲೆ ಹಾಕಲು ಹಾಲಿಲ್ಲ. ಹೊರಗೆ ನೋಡಿದರೆ ಆರು ಗಾಡಿ ಕಬ್ಬು.

ಇತ್ತ ಗದ್ದೆಯಲ್ಲಿ ಕಡಿದು ಹಾಕಿದ ಕಬ್ಬು ಒಣಗುತ್ತಿತ್ತು. ನಾಲ್ಕನೆಯ ದಿನ ಅಂಗನವಾಡಿ ಮುಗಿಸಿ ನಾನು ಮನೆಗೆ ಬರುವಷ್ಟರಲ್ಲಿ ತಮ್ಮ ಬಾಗಿಲಲ್ಲೇ ನಿಂತಿದ್ದ. ಕಿವಿಯ ತುದಿಯವರೆಗೆ ಕೆಂಪಾಗಿದ್ದ.

"ಅಕ್ಕಾ, ಅವ್ರು ಗಾಡಿ ಕಾಯ್ತಾವ್ರೆ, ಗಾಡಿ ಆಲೆಮನೆ ಕಾಯ್ತದೆ, ಆಲೆಮನೆ ಗಾಡಿ ಕಾಯ್ತದೆ. ಎಲ್ರೂ ಡ್ಯೂಟಿ ಮೇಲವ್ರೆ, ಕೆಲ್ಸ ಮಾತ್ರ ಯಾವನೂ ಮಾಡ್ತಿಲ್ಲ! ನಿನ್ ಗಂಡನ್ನ ವಾಪಸ್ ಆ ಬಂದರಿಗೇ ಕಳ್ಸ್‌ಬುಡು, ನಿನ್ ಕಾಲಿಗ್ ಬೀಳ್ತೀನಿ!"

ನಗಲು ಹೋದೆ. ಟ್ರಂಕು ಹಜಾರದ ಮೂಲೆಯಲ್ಲಿ ಕಾಣುತ್ತಿತ್ತು. ತಿಂಗಳು ಮುಗಿಯಲು ಎರಡೇ ದಿನ ಬಾಕಿ. ಇವನೂ ಕಳಿಸು ಅನ್ನುತ್ತಿದ್ದಾನೆ, ಅವರಿಗೂ ಹೋಗಬೇಕು, ನಾನೂ ಹೋಗಿ ಅಂದಿದ್ದೇನೆ. ಇನ್ನು ಬೇಡ ಅನ್ನುವವರು ಯಾರು? ನನಗೆ ಅಳು ಬರುವಂತಾಯಿತು, ತಮ್ಮನ ಮುಂದೆ ಅಳಬಾರದೆಂದು ಅವನಿಗೇ ಬೈದು ಕಳಿಸಿದೆ.

ಸಂಜೆ ಎಲ್ಲರೂ ಜಗಲಿಯ ಮೇಲೆ ಸೇರಿದರು. ನನ್ನ ತಮ್ಮ, ಭಾಯ್, ಮೇಸ್ತ್ರಿ, ನಡುವೆ ನಮ್ಮನೆಯವರು. ನಾನು ಕಾಫಿ ಮಾಡುತ್ತ ಒಳಗಿನಿಂದಲೇ ಕೇಳಿಸಿಕೊಳ್ಳುತ್ತಿದ್ದೆ. ಹೇಳಬೇಕಾದದ್ದು ಹೇಳಲೇಬೇಕು, ಅವರು ನಿಜಕ್ಕೂ ನ್ಯಾಯವಾಗಿ ಮಾತಾಡಿದರು. ಮೊದಲು ಗ್ಯಾಂಗಿಗೂ ಭಾಯ್‌ಗೂ ಸರಿಯಾಗಿ ಉಗಿದರು. ಬಂದರಿನಲ್ಲಿ ಕಾಯುವುದು ಕೆಲಸ ನಿಜ, ಆದರೆ ಬೇಕಂತಲೇ ಹಡಗನ್ನು ಆಚೆ ಕಳಿಸಿ ಕಾದವನಿಗೆ ಅರ್ಧ ದಿನದ ಹಾಜರಿಯೂ ಸಿಗುತ್ತಿರಲಿಲ್ಲ ಅಂದರು. ಆಮೇಲೆ ನನ್ನ ತಮ್ಮನ ಕಡೆ ತಿರುಗಿದರು. ಮೊದಲು ಆಲೆಮನೆಗೆ ಫೋನು ಮಾಡಿ ಸರದಿ ಕೇಳು, ಆಮೇಲೆ ಗ್ಯಾಂಗನ್ನು ಕರೆ. ಸುಮ್ಮನೆ ಕರೆದು ಕೂರಿಸಿದೆಯೋ, ಅದು ನಿನ್ನ ತಪ್ಪು.

"ಎಲ್ಲಾ ಕೇಳುಸ್ಕಳಿ," ಅಂದರು ಕೊನೆಗೆ. "ಬತ್ತೀನಿ ಅಂತ ಯೋಳಿ ಯೋಳಿದ ಹೊತ್ಗೆ ಬರ್ದೇ ಇದ್ರೆ, ಕಾದೋರ ಹೊತ್ತೆಲ್ಲಾ ಯೋಳ್ದೋನ್ ತಲೆ ಮ್ಯಾಕೆ. ಇಷ್ಟೇ ನಿಯಮ. ಒಪ್ಗೇನಾ?"

ಎಲ್ಲರೂ ಒಪ್ಪಿದರು. ಭಾಯ್ "ವಾಹ್" ಅಂದರು. ನಮ್ಮನೆಯವರು ಬೆನ್ನು ನೆಟ್ಟಗೆ ಮಾಡಿ ಕೂತರು. "ಇಂಥದ್ಕೇ ನೋಡಿ ನನ್ನ ಅಲ್ಲಿ ಕರೀತಿರಾದು. ನಾಳೀಕೆ ಹೂಂ ಅಂದ್‌ಬುಡ್ತೀನಿ."

ಕಾಫಿ ತಟ್ಟೆ ಹಿಡಿದು ನಾನು ಹೊಸಿಲ ಮೇಲೆ ನಿಂತಿದ್ದೆ. ಏನಾಯಿತೋ ಗೊತ್ತಿಲ್ಲ. ಬಾಯಿ ತನಗೆ ತಾನೇ ತೆರೆಯಿತು.

"ನಂದೂ ಒಂದು ಅರ್ಜಿ ಅದೆ," ಅಂದೆ.

ನಾಲ್ವರೂ ತಿರುಗಿ ನೋಡಿದರು. ತಟ್ಟೆಯನ್ನು ಕೆಳಗಿಟ್ಟು ಹೇಳಿದೆ. ನಮ್ಮ ಮದುವೆಯಾದ ಹೊಸತು. ನಾನು ನಾಗಮಂಗಲದ ತವರಿನಲ್ಲಿದ್ದೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬೆಳ್ಳೂರು ಕ್ರಾಸಿನಲ್ಲಿ ಇಳಿಯುತ್ತೇನೆ, ಅಲ್ಲಿಗೇ ಬಾ, ಜೊತೆಯಲ್ಲಿ ಹೋಗೋಣ ಎಂದು ಇವರು ಕಾಗದ ಬರೆದಿದ್ದರು. ವಾರವೆಲ್ಲ ಅನ್ನ ತಿಂದು ಸೊರಗಿರುತ್ತಾರೆಂದು ನಾನು ಮುದ್ದೆ ಕಟ್ಟಿ, ಅವರೆಕಾಳು ಸಾರು ಮಾಡಿ, ಕ್ಯಾರಿಯರಿಗೆ ತುಂಬಿಕೊಂಡು ಹೋದೆ. ಕ್ರಾಸಿನ ಹೋಟೆಲಿನ ಬೆಂಚಿನ ಮೇಲೆ ಕೂತೆ. ಸುಮ್ಮನೆ ಕೂತರೆ ಎಬ್ಬಿಸುತ್ತಾರೆಂದು ಒಂದಾದ ಮೇಲೊಂದು ಕಾಫಿ ಕುಡಿದೆ. ಹಾಸನದ ಕಡೆಯಿಂದ ಬಂದ ಒಂದೊಂದು ಬಸ್ಸಿಗೂ ಎದ್ದು ನಿಂತೆ, ಕೂತೆ. ಹೋಟೆಲಿನವನು ಕೊನೆಗೆ ಕಾಫಿಗೆ ದುಡ್ಡು ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ. ಅವನು ಹಾಗೆ ನಿಲ್ಲಿಸಿದ್ದೇ ನನಗೆ ಹೆಚ್ಚು ಅವಮಾನವಾಯಿತು. ಬೆಳಕಿರುವಾಗಲೇ ತವರಿಗೆ ವಾಪಸು ಹೋದೆ. ಕಲ್ಲಾಗಿದ್ದ ಮುದ್ದೆಯನ್ನು ಅಮ್ಮನ ಕಣ್ಣಿಗೆ ಬೀಳದ ಹಾಗೆ ಹಸುವಿನ ಬಾನಿಗೆ ಹಾಕಿದೆ. ಎಂಟು ದಿನದ ಮೇಲೆ ಇವರ ಕಾಗದ ಬಂತು: ಹಡಗು ಬಂತು, ಓಟಿ ಸಿಕ್ಕಿತು, ದುಪ್ಪಟ್ಟು! ಆ ದುಡ್ಡಿನಲ್ಲಿ ನನಗೊಂದು ಮಿಕ್ಸಿ ತಂದರು. ಅದು ಇವತ್ತಿಗೂ ಅರೆಯುತ್ತದೆ.

"ಅದೊಂದು ಶನಿವಾರ," ಅಂದೆ. "ಅಂಥವು ಇನ್ನೂ ಅವೆ. ಬತ್ತೀನಿ ಅಂತ ಯೋಳ್ದೋರು ನೀವು. ನಿಮ್ಮ ನಿಯಮ ನಂಗೂ ಉಂಟಾ, ಇಲ್ವಾ?"

ಮೇಸ್ತ್ರಿ ತನ್ನ ಕಾಲಿನ ಹೆಬ್ಬೆರಳು ನೋಡಿಕೊಳ್ಳುತ್ತಿದ್ದ. ಮೊದಲು ಮಾತಾಡಿದ್ದು ಭಾಯ್. "ಅಣ್ಣ, ಕೇಸು ಪಕ್ಕಾ ಅದೆ."

ನಮ್ಮನೆಯವರು ಸೀಟಿಯನ್ನು ಅಂಗಿಯೊಳಗೆ ಸೇರಿಸಿಕೊಂಡರು. "ಎಷ್ಟ್ ಶನ್ವಾರ?" ಅಂದರು.

"ಗೊತ್ತಿಲ್ಲ. ಹಾಜ್ರಿ ಹಾಕಾಕೆ ಅಲ್ಲಿ ಯಾರೂ ಇರ್ನಿಲ್ಲ."

ಅವರು ಕೆಮ್ಮಿ, ಬಂದರಿನ ದನಿ ತಂದುಕೊಂಡು, "ಓಟಿ ಎಲ್ಡು ಥರ ಕೊಡ್ತಾರೆ. ದುಡ್ಡು, ಇಲ್ಲಾಂದ್ರೆ ಆಫು, ಅಂದ್ರೆ ರಜಾ. ಯಾವ್ದು ಬೇಕು?" ಅಂದರು.

"ಆಫು," ಅಂದೆ.

"ಆಫಲ್ಲಿರೋರ ಕೆಲ್ಸಕ್ಕೆ ಬದಲಿ ಆಳು ಬೇಕಾಯ್ತದೆ. ಬದಲಿ ಯಾರು?"

ನನ್ನ ತಮ್ಮ, ಮೇಸ್ತ್ರಿ, ಭಾಯ್, ಮೂವರೂ ಅವರನ್ನೇ ನೋಡುತ್ತಿದ್ದರು. ಭಾಯ್ ಮಾತ್ರ ಹೆಬ್ಬೆರಳನ್ನು ಮೆಲ್ಲಗೆ ಮೇಲೆತ್ತಿದರು.

ಅಲ್ಲೇ, ಎಲ್ಲರ ಎದುರಿಗೇ, ನಮ್ಮನೆಯವರು ಫೋನು ತೆಗೆದರು. "ಇಲ್ಲ ಸಾರ್, ಬರಾಕಾಗಕಿಲ್ಲ. ಇಲ್ಲಿ ಬದಲಿ ಡ್ಯೂಟಿ ಬಿದ್ಬುಟ್ಟದೆ... ಯಾವಾಗ ಮುಗೀತದೆ ಅಂದ್ರೆ? ಅದು ಯೋಳಕ್ಕಾಗಕಿಲ್ಲ ಸಾರ್, ಹಳೇ ಬಾಕಿ ಬಾಳ ಅದೆ."

ನಾನು ಒಳಗೆ ಹೋಗಿ ಮಿಕ್ಸಿಯ ಸ್ವಿಚ್ಚು ಹಾಕಿದೆ. ಅದರಲ್ಲಿ ಅರೆಯಲು ಏನೂ ಇರಲಿಲ್ಲ. ಹೊರಗೆ ನನ್ನ ಅಳು ಕೇಳಿಸಬಾರದಿತ್ತು, ಅಷ್ಟೇ.

ಮಾರನೆಯ ದಿನದಿಂದ ಬೆಳಿಗ್ಗೆ ನಾನು ಜಗಲಿಯ ಮೇಲೆ ಕಾಲು ಇಳಿಬಿಟ್ಟು ಕೂರತೊಡಗಿದೆ. ಕೊಟ್ಟಿಗೆಯಲ್ಲಿ ಅವರು. ದೊಡ್ಡ ಎಮ್ಮೆ ಮೊದಲ ದಿನವೇ ಬಕೀಟು ಒದ್ದಿತು. ಅವರು ಎಮ್ಮೆಯ ಮುಖದ ಮುಂದೆ ಮುಷ್ಟಿ ಹಿಡಿದು ನಿಂತರು. ಅದು ಮುಷ್ಟಿಯನ್ನು ನೆಕ್ಕಿ, ಮತ್ತೆ ಒದೆಯಿತು. ನಾನು ಏಳಲಿಲ್ಲ. ಆಫ್‌ನಲ್ಲಿದ್ದವರು ಏಳಕೂಡದು ಎಂದು ಚಾರ್ಟಿನಲ್ಲಿ ಅವರೇ ಬರೆದಿದ್ದರು.

ಎರಡು ವಾರದ ಮೇಲೆ ಆ ಗುತ್ತಿಗೆದಾರನೇ ಮತ್ತೆ ಫೋನು ಮಾಡಿದ. ಹೊಸ ಸನ್ನೆಗಾರ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಬೆಳ್ಳೂರು ಕ್ರಾಸಿನಲ್ಲಿ ಇಳಿಯುತ್ತಾನೆ, ಒಂದೆರಡು ಗಂಟೆ ಹೇಳಿಕೊಡಿ ಅಂದ. ಶನಿವಾರ. ಬೆಳ್ಳೂರು ಕ್ರಾಸು.

"ಒಂದೂವರೆ ಬಸ್ಗೆ ಊಟುಕ್ ಬತ್ತೀನಿ," ಎಂದು ಹೇಳಿ ಹೋದರು.

ಹೋಟೆಲಿನಲ್ಲಿ ಪಾಠ ಮಾಡುತ್ತಾ ಇವರು ಬೆರಳು ತಿರುಗಿಸಿದಾಗಲೆಲ್ಲ ಸಪ್ಲೈಯರು ಇನ್ನೊಂದು ಪ್ಲೇಟು ಇಡ್ಲಿ ತಂದಿಡುತ್ತಿದ್ದನಂ‍ತೆ. ಅದನ್ನು ಆಮೇಲೆ ಹೇಳಿ ನಗಿಸಿದರು. ಆಗ ನನಗೆ ನಗು ಇರಲಿಲ್ಲ. ಒಂದು ಗಂಟೆಯಿಂದ ಬಾಗಿಲಿಗೂ ಒಲೆಗೂ ಓಡಾಡುತ್ತಿದ್ದೆ. ಅದಕ್ಕೆ ಮುಂಚೆ ನಾಗಮಂಗಲದಿಂದ ಒಂದು ಫೋನು, ಆಮೇಲೆ ಪಾಂಡವಪುರದಿಂದ ಒಂದು ಫೋನು ಬಂದಿತ್ತು: "ಬಸ್ ಹತ್ತಿದೀನಿ." ಒಂದೂವರೆಗೆ ಐದು ನಿಮಿಷ ಇರುವಾಗ ಬಸ್ಸು ಬಂದು ನಿಂತಿತು. ಇಳಿದರು. ಕತ್ತು ಬರಿದಾಗಿತ್ತು.

"ಸೀಟಿ ಎಲ್ಲಿ?" ಅಂದೆ.

"ಆ ಹೊಸಾ ಹೈದನಿಗೆ ಕೊಟ್ಬುಟ್ಟೆ. ಅವನ್ಗೆ ಬೇಕಾಯ್ತದೆ," ಅಂದರು. ಹಿಂದಿನಿಂದ ಕಂಡಕ್ಟರು ಎರಡು ಸೀಟಿ ಊದಿದ, ಬಸ್ಸು ಹೋಯಿತು.

ಆವತ್ತು ನಾನು ಆಫ್‌ನಲ್ಲಿದ್ದೆ. ಆದರೂ ಅಡುಗೆ ನಾನೇ ಮಾಡಿದ್ದೆ, ಅವರೆಕಾಳು ಸಾರು. ಅವರು ಕೈಕಾಲು ತೊಳೆದು ಬಂದು ತಟ್ಟೆಯ ಮುಂದೆ ಕೂತರು. ಬೆರಳು ತಿರುಗಿಸುವುದಕ್ಕೆ ಮೊದಲೇ ಬಡಿಸಿದೆ. ಮುದ್ದೆ ಇನ್ನೂ ಬಿಸಿಯಾಗಿತ್ತು.